ಬೆಳಗಿನ ಜಾವ ಎಬ್ಬಿಸುವ ಸೊಂಟನೋವು: ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಹಿಡಿಯುವುದು ಹೇಗೆ?

ಭಾರ ಎತ್ತಿ ಬಂದ ನೋವು ಮಲಗಿದರೆ ಇಳಿಯುತ್ತದೆ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಉರಿಯೂತದ ಕಾಯಿಲೆಯ ನೋವು ಮಲಗಿದಷ್ಟೂ ಬಿಗಿಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. 45 ವರ್ಷದೊಳಗೆ ಶುರುವಾಗಿ 3 ತಿಂಗಳು ದಾಟಿದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿದರೆ ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಬಳಿ ಹೋಗಿ.

ಮನೆಯಲ್ಲೇ ಒಂದು ಅಳತೆ ನೋಡಬಹುದು. ನೇರ ನಿಂತವರ ಸೊಂಟದ ಹಿಂದಿನ ಎರಡು ಗುಳಿಗಳ ನಡುವೆ ಪೆನ್ನಿನಿಂದ ಗುರುತು ಹಾಕಿ. ಅದರಿಂದ 10 ಸೆಂ.ಮೀ. ಮೇಲೊಂದು, 5 ಸೆಂ.ಮೀ. ಕೆಳಗೊಂದು. ಮಂಡಿ ಮಡಿಸದೆ ಪೂರ್ತಿ ಬಗ್ಗಿದಾಗ ಆ 15 ಸೆಂ.ಮೀ. ಅಂತರ 20 ಮುಟ್ಟದಿದ್ದರೆ ಬೆನ್ನು ಬಿಗಿದಿರಬಹುದು. ಸುಳಿವಷ್ಟೇ, ಕಾಯಿಲೆಯ ಆರಂಭದಲ್ಲಿ ಅಳತೆ ಸರಿಯಾಗಿಯೇ ಇದ್ದೀತು.

ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಹಿಡಿಯಬಹುದು. ಬರೀ ಸೊಂಟದ ಎಂಆರ್‌ಐ ಬರೆದುಕೊಟ್ಟರೆ ಮುಖ್ಯವಾದ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಸ್ಯಾಕ್ರೊಇಲಿಯಾಕ್ ಕೀಲುಗಳೇ ಬಿಟ್ಟುಹೋಗುತ್ತವೆ. ಚೀಟಿಯಲ್ಲಿ ಅವುಗಳ ಹೆಸರಿದೆಯೇ ನೋಡಿ. ಎಚ್‌ಎಲ್‌ಎ-ಬಿ27 ಎಂಬ ಜೀನ್‌ನ ಪರೀಕ್ಷೆ ಪಾಸಿಟಿವ್ ಎಂದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ, ಉರಿಯೂತ ತೋರುವ ರಕ್ತಪರೀಕ್ಷೆ ಸಿಆರ್‌ಪಿ ನಾರ್ಮಲ್ ಎಂದು ನಿರಾಳವಾಗುವಂತೆಯೂ ಇಲ್ಲ.

ಉರಿಯೂತ ಇಳಿಸುವ ಮಾತ್ರೆಯನ್ನು ನೋವು ಬಂದಾಗಷ್ಟೇ ನುಂಗಿ ‘ಕೆಲಸ ಮಾಡಲಿಲ್ಲ’ ಅನ್ನುವವರೇ ಹೆಚ್ಚು. ಡಾಕ್ಟರ್ ಹೇಳಿದ ಪೂರ್ಣ ಡೋಸನ್ನು 2ರಿಂದ 4 ವಾರ ಬಿಡದೆ ತೆಗೆದುಕೊಂಡರಷ್ಟೇ ಗೊತ್ತಾಗುವುದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ. ಎರಡು ಬಗೆಯ ಮಾತ್ರೆ ಸೋತರೆ ಬಯಾಲಜಿಕ್ (ಉರಿಯೂತ ಹುಟ್ಟಿಸುವ ಪ್ರೋಟೀನನ್ನು ತಡೆಯುವ ಔಷಧ) ಇಂಜೆಕ್ಷನ್. ಅದಕ್ಕೆ ಮುನ್ನ ಟಿಬಿ ಪರೀಕ್ಷೆ ಆಗಲೇಬೇಕು. ವ್ಯಾಯಾಮ ದಿನವೂ ಬೇಕು, ಸಿಗರೇಟು ಬೇಡ. ಕಣ್ಣು ಕೆಂಪಾಗಿ ನೋಯುತ್ತಾ ಬೆಳಕು ಚುಚ್ಚಿದರೆ ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ.