ಮೂಲ ದಾಖಲೆ ಹಿಡಿದು ಅಮೆರಿಕದ ಇತಿಹಾಸ ಓದಿದ್ದು

ಎಂ.ಎ. ಇತಿಹಾಸದಲ್ಲಿ ನಾನು ಆರಿಸಿಕೊಂಡಿದ್ದು ಅಮೆರಿಕದ ಇತಿಹಾಸದ ಪತ್ರಿಕೆ. ಕ್ರಾಂತಿಯಿಂದ 1945ರವರೆಗೆ. ಗೈಡುಗಳು ಅಧ್ಯಕ್ಷರು, ಯುದ್ಧಗಳು, ಒಪ್ಪಂದಗಳು ಅಂತ ಸಾಲಾಗಿ ಕೊಡುತ್ತವೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು, ಆದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಾನು ಒಂದೇ ಪ್ರಶ್ನೆ ಇಟ್ಟುಕೊಂಡೆ: ಈ ಹೊತ್ತಿನಲ್ಲಿ ಆ ದೇಶದಲ್ಲಿ ಹಕ್ಕು ಯಾರಿಗಿದೆ, ಯಾರಿಗಿಲ್ಲ? ಒಂದೊಂದು ಘಟ್ಟಕ್ಕೂ ಒಂದು ಮೂಲ ದಾಖಲೆ ತೆಗೆದು ಅದಕ್ಕೆ ಈ ಪ್ರಶ್ನೆ ಕೇಳುತ್ತಿದ್ದೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಇಸವಿ ಮತ್ತು ಘಟನೆ, ಬಲಪುಟದಲ್ಲಿ ಅದರಿಂದ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಅನ್ನುವುದು.

ದಾಖಲೆಗಳಿಗೆ ದುಡ್ಡು ಬೇಕಿಲ್ಲ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್, ಲೈಬ್ರರಿ ಆಫ್ ಕಾಂಗ್ರೆಸ್, ಯೇಲ್ ವಿಶ್ವವಿದ್ಯಾಲಯದ ಅವಲಾನ್ ಪ್ರಾಜೆಕ್ಟ್ ಇವುಗಳ ತಾಣದಲ್ಲಿ ಬೇಕಾದಷ್ಟು ಸಿಗುತ್ತವೆ. ಹಳೆಯ ಇಂಗ್ಲಿಷ್ ಕಷ್ಟ. ಉದ್ದನೆಯ ವಾಕ್ಯವನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಕನ್ನಡದಲ್ಲಿ ಬರೆದುಕೊಂಡರೆ ಬಿಡಿಸಿಕೊಳ್ಳುತ್ತದೆ.

ಕ್ರಾಂತಿಯ ಭಾಗ ನಮಗೆ ದೂರದ್ದೇನಲ್ಲ. 1773ರ ಡಿಸೆಂಬರಿನಲ್ಲಿ ಬೋಸ್ಟನ್ ಬಂದರಿನಲ್ಲಿ ಬ್ರಿಟಿಷರ ತೆರಿಗೆ ವಿರೋಧಿಸಿ ಅಲ್ಲಿನ ಜನ ನೀರಿಗೆ ಸುರಿದ 342 ಪೆಟ್ಟಿಗೆ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಬಂಗಾಳದ ಭೀಕರ ಬರ ಕಳೆದ ಕೆಲವೇ ವರ್ಷಕ್ಕೆ ಕಂಪನಿ ಸಾಲದಲ್ಲಿ ಸಿಕ್ಕಿಕೊಂಡಿತ್ತು. ಅದರ ಚಹಾ ಅಮೆರಿಕದಲ್ಲಿ ನೇರವಾಗಿ ಮಾರಾಟವಾಗಲಿ ಎಂದು ಬ್ರಿಟಿಷ್ ಪಾರ್ಲಿಮೆಂಟ್ ಚಹಾ ಕಾಯ್ದೆ ತಂದಿತು. ಕಂಪನಿಯ ಭಾರತದ ಆಡಳಿತಕ್ಕೆ ಲಗಾಮು ಹಾಕುವ ರೆಗ್ಯುಲೇಟಿಂಗ್ ಕಾಯ್ದೆ ಬಂದಿದ್ದೂ ಅದೇ ವರ್ಷ. ಎರಡನ್ನೂ ಒಟ್ಟಿಗೆ ಓದಿ, ಒಂದರಿಂದ ಇನ್ನೊಂದು ಅರ್ಥವಾಗುತ್ತದೆ.

ಮೈಸೂರಿನ ನಂಟೂ ಇದೆ. ಹೈದರಾಲಿ ಬ್ರಿಟಿಷರನ್ನು ಎದುರಿಸುತ್ತಿದ್ದ ಸುದ್ದಿ ಅಮೆರಿಕಕ್ಕೆ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಆತನ ಹೆಸರನ್ನೇ ಇಟ್ಟರು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆ ನೌಕೆ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ.

1787ರ ಸಂವಿಧಾನವನ್ನು ಮಾತ್ರ ಆತುರ ಮಾಡದೆ ಓದಬೇಕು. ಪ್ರತಿನಿಧಿಗಳ ಸಂಖ್ಯೆ ನಿರ್ಧರಿಸುವಾಗ ಐವರು ಗುಲಾಮರನ್ನು ಮೂವರು ಎಂದು ಲೆಕ್ಕ ಹಿಡಿದರು. ಆ ಗುಲಾಮರಿಗೆ ಮತ ಇಲ್ಲ, ಅವರ ತಲೆಯೆಣಿಕೆಯ ಲಾಭ ಮಾತ್ರ ದಕ್ಷಿಣದ ಒಡೆಯರಿಗೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಜನಗಣತಿ ನೋಡಿ. 1790ರಲ್ಲಿ ಗುಲಾಮರು 7 ಲಕ್ಷದ ಹತ್ತಿರ. 1860ರಲ್ಲಿ 39 ಲಕ್ಷ ದಾಟಿತ್ತು. ನಡುವೆ ಬಂದದ್ದು ಎಲೈ ವಿಟ್ನಿಯ ಹತ್ತಿ ಬಿಡಿಸುವ ಯಂತ್ರ ಮತ್ತು ಇಂಗ್ಲೆಂಡಿನ ಗಿರಣಿಗಳ ಹಸಿವು. ನಮ್ಮ ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಸಲು ಬ್ರಿಟಿಷರು 1840ರ ದಶಕದಲ್ಲೇ ಶುರು ಮಾಡಿದ್ದರು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು.

ಅಂತರ್ಯುದ್ಧ ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಎಂಬ ವಾದ ನೀವೂ ಕೇಳಿರಬಹುದು. ಅದಕ್ಕೆ ಯಾರ ಅಭಿಪ್ರಾಯವೂ ಬೇಡ. ಒಕ್ಕೂಟ ಬಿಡುವಾಗ ಮಿಸ್ಸಿಸ್ಸಿಪ್ಪಿ, ಸೌತ್ ಕ್ಯಾರೊಲಿನಾ ರಾಜ್ಯಗಳು ಹೊರಡಿಸಿದ ಘೋಷಣೆ ಓದಿದರೆ ಸಾಕು. ಗುಲಾಮಗಿರಿ ಉಳಿಸಿಕೊಳ್ಳಲೆಂದೇ ಹೊರಟಿದ್ದೇವೆ ಎಂದು ಅವರೇ ಹೇಳಿದ್ದಾರೆ. ಯುದ್ಧದ ನಂತರದ 13, 14, 15ನೇ ತಿದ್ದುಪಡಿಗಳನ್ನು ಒಂದೇ ಪಟ್ಟಿಗೆ ಕೂತು ಓದಿ. ಗುಲಾಮಗಿರಿ ಹೋಯಿತು, ಪೌರತ್ವ ಬಂತು, ಕಪ್ಪು ಗಂಡಸರಿಗೆ ಮತದ ಹಕ್ಕು ಬಂತು. 1873ರಲ್ಲಿ ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅಮೆರಿಕದ ಜನರಿಗೆ ಅರ್ಪಿಸಿದ್ದು ಇದೇ ಕಾರಣಕ್ಕೆ. 1877ರ ನಂತರ ದಕ್ಷಿಣದ ರಾಜ್ಯಗಳು ಮತ ಹಾಕಲು ಕಟ್ಟಬೇಕಾದ ತಲೆಗಂದಾಯ, ಅಕ್ಷರ ಪರೀಕ್ಷೆ ಅಂತೆಲ್ಲ ಹೂಡಿ ಆ ಹಕ್ಕನ್ನು ಕಿತ್ತುಕೊಂಡವು. 1896ರಲ್ಲಿ ಸುಪ್ರೀಂ ಕೋರ್ಟೇ ಕಪ್ಪು ಜನರನ್ನೂ ಬಿಳಿಯರನ್ನೂ ರೈಲಿನ ಬೇರೆ ಬೇರೆ ಡಬ್ಬಿಯಲ್ಲಿ ಕೂರಿಸುವುದಕ್ಕೆ ಒಪ್ಪಿಗೆ ಕೊಟ್ಟಿತು. ಕಾಗದದ ಮೇಲಿನ ಹಕ್ಕಿಗೂ ಕೈಗೆ ಸಿಗುವ ಹಕ್ಕಿಗೂ ಎಷ್ಟು ಅಂತರ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ರೈಲು ಮಾರ್ಗ, ಉಕ್ಕು, ಎಣ್ಣೆಯ ಸಾಹುಕಾರರು, 1898ರ ಸ್ಪೇನ್ ಯುದ್ಧ ಇವನ್ನು ಪಠ್ಯಪುಸ್ತಕದಲ್ಲೇ ಮುಗಿಸಿದೆ. ಉಳಿದ ಹೊತ್ತು ಕೊಟ್ಟಿದ್ದು 1930ರ ದಶಕಕ್ಕೆ. ಆರ್ಥಿಕ ಮಹಾ ಕುಸಿತದಲ್ಲಿ ಕೆಲಸ ಕಳೆದುಕೊಂಡ ಬರಹಗಾರರಿಗೆ ರೂಸ್‌ವೆಲ್ಟ್ ಸರ್ಕಾರ ಕೆಲಸ ಕೊಟ್ಟಿತು. ಅವರಲ್ಲಿ ಕೆಲವರು 1936ರಿಂದ 1938ರವರೆಗೆ, ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ ಮುದುಕ ಮುದುಕಿಯರನ್ನು ಹುಡುಕಿ ಮಾತಾಡಿಸಿದರು. 2,300ಕ್ಕೂ ಜಾಸ್ತಿ ನಿರೂಪಣೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಮೆರಿಕ ಓದುವವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಓದುವಾಗ ಮೊದಲು ಕೇಳಬೇಕಾದ್ದು, ಎದುರಿಗೆ ಕೂತವರು ಯಾರು ಅಂತ. ಚಾರ್ಲ್ಸ್‌ಟನ್‌ನ ಸೂಸನ್ ಹ್ಯಾಮ್ಲಿನ್ ಎಂಬ ಅಜ್ಜಿಯನ್ನು ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದ್ದಾರೆ. ಬಿಳಿಯ ಹೆಂಗಸಿನ ಮುಂದೆ ಆಕೆ ತನ್ನ ಒಡೆಯ ಒಳ್ಳೆಯವನಿದ್ದ ಅನ್ನುತ್ತಾಳೆ. ಕಪ್ಪು ಗಂಡಸಿನ ಮುಂದೆ ಬಾಯಿಬಿಟ್ಟು ಕ್ರೌರ್ಯದ ಕಥೆ ಹೇಳುತ್ತಾಳೆ. ಅಜ್ಜಿ ಸುಳ್ಳು ಹೇಳಿದಳು ಅಂತಲ್ಲ. ಬರಗಾಲದಂಥ ಕಾಲ, ಮನೆಗೆ ಬಂದವರು ಸರ್ಕಾರದ ಕಡೆಯವರು, ಪಿಂಚಣಿಯೋ ಏನೋ ಸಿಗಬಹುದೆಂಬ ಆಸೆ ಅನೇಕರಿಗಿತ್ತು. ಜೊತೆಗೆ ದಕ್ಷಿಣದಲ್ಲಿ ಬಿಳಿಯರ ಎದುರು ಮನಸ್ಸು ಬಿಚ್ಚುವುದು ಅಪಾಯ. ಎರಡು ಸಂದರ್ಶನಗಳನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ, ಯಾವ ದಾಖಲೆ ತೆಗೆದರೂ ಯಾರು ಬರೆದರು, ಯಾರಿಗಾಗಿ ಬರೆದರು ಅಂತ ನೋಡುವುದು ನನಗೆ ರೂಢಿಯಾಯಿತು.

ಮಹಾಯುದ್ಧಗಳಲ್ಲೂ ಅದೇ ರೂಢಿ ಕೆಲಸಕ್ಕೆ ಬಂತು. ಮೊದಲ ಯುದ್ಧಕ್ಕೆ ವಿಲ್ಸನ್ 1917ರಲ್ಲಿ ಪ್ರಜಾಪ್ರಭುತ್ವದ ಹೆಸರು ಹೇಳಿ ಇಳಿದರು. ಆ ಸೇನೆಯಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಇದ್ದರು. ಅವರು ಪೌರತ್ವ ಕೇಳಿದಾಗ 1923ರಲ್ಲಿ ಸುಪ್ರೀಂ ಕೋರ್ಟ್ ಕೊಡಲಿಲ್ಲ. ಭಾರತೀಯರು ಕಾನೂನಿನ ಪ್ರಕಾರ ಬಿಳಿಯರಲ್ಲ ಎಂಬುದು ಕಾರಣ. ಬಿಳಿಯರು ಎಂಬ ಆ ಷರತ್ತು 1790ರ ಪೌರತ್ವ ಕಾಯ್ದೆಯಿಂದ ಬಂದದ್ದು. ತೀರ್ಪು ಉದ್ದವಿಲ್ಲ, ಪೂರ್ತಿ ಓದಿ.

ಎರಡನೇ ಯುದ್ಧಕ್ಕೆ ನಾನು ಆರಿಸಿದ್ದು 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ 9066ನೇ ಆದೇಶ. ಅದರಲ್ಲಿ ಜಪಾನೀಯರ ಹೆಸರೇ ಇಲ್ಲ. ಸೇನಾ ವಲಯದಿಂದ ಯಾರನ್ನು ಬೇಕಾದರೂ ಹೊರಗೆ ಕಳಿಸಬಹುದು ಎಂದಷ್ಟೇ ಇದೆ. ಅದರ ಬಲದ ಮೇಲೆ ಶಿಬಿರ ಸೇರಿದವರು ಸುಮಾರು 1,20,000 ಮಂದಿ ಜಪಾನಿ ಮೂಲದವರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪೌರರೇ. ಹೀಗೆ ಹೊರಗೆ ಕಳಿಸಿದ್ದನ್ನು ಪ್ರಶ್ನಿಸಿದ 1944ರ ಕೊರೆಮಾಟ್ಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ಬಹುಮತದ ತೀರ್ಪಿಗಿಂತ ನ್ಯಾಯಮೂರ್ತಿ ಮರ್ಫಿ ಬರೆದ ಭಿನ್ನಮತವನ್ನು ಮೊದಲು ಓದಿ ಎಂದು ಹೇಳುತ್ತೇನೆ.

ಪಠ್ಯ 1945ಕ್ಕೆ ನಿಲ್ಲುತ್ತದೆ. ನಾನು ಒಂದು ವರ್ಷ ಮುಂದಕ್ಕೆ ಹೋದೆ. 1946ರ ಲೂಸ್-ಸೆಲ್ಲರ್ ಕಾಯ್ದೆ ಭಾರತೀಯರಿಗೆ ಅಮೆರಿಕದ ಪೌರರಾಗುವ ಹಕ್ಕು ಕೊಟ್ಟಿತು. ಭಾರತದಿಂದ ವಲಸೆಗೆ ಅದು ಇಟ್ಟ ಮಿತಿ ವರ್ಷಕ್ಕೆ 100 ಜನ.