ಬಸುರಿ, ಬಾಣಂತಿ, ಜೊತೆಗೆ ಪೈಲ್ಸ್

ಬಸುರಿಯಾದರೆ ಬಯಕೆ ಏನು, ವಾಂತಿ ನಿಂತಿತಾ, ಕಾಲು ಬೀಗಿದೆಯಾ ಅಂತ ಊರೆಲ್ಲ ಕೇಳುತ್ತದೆ. ಕಕ್ಕಸಿಗೆ ಸಲೀಸಾಗಿ ಹೋಗುತ್ತದಾ ಅಂತ ಒಬ್ಬರೂ ಕೇಳುವುದಿಲ್ಲ. ಏಳು ತಿಂಗಳು ತುಂಬುವ ಹೊತ್ತಿಗೆ ನನ್ನ ದೊಡ್ಡ ಕಷ್ಟ ಅದೇ ಆಗಿತ್ತು. ಮಲ ಗಟ್ಟಿ, ಹೋಗುವಾಗ ಉರಿ, ತೊಳೆಯುವಾಗ ಬೆರಳಿಗೆ ಸಿಗುವ ಮೆತ್ತಗಿನ ಗಂಟು. ಒಂದು ದಿನ ರಕ್ತವೂ ಕಂಡಿತು.

ಹೊಟ್ಟೆಯಲ್ಲಿ ಮಗು ಇರುವಾಗ ರಕ್ತ ಕಂಡರೆ ಜೀವ ಬಾಯಿಗೆ ಬರುತ್ತದೆ ಅಲ್ವಾ. ಎಲ್ಲಿಂದ ಬಂತು ಅಂತ ಮೊದಲು ನೋಡಬೇಕು. ಬಿಳಿ ಹತ್ತಿ ಬಟ್ಟೆಯ ಎರಡು ತುಂಡು ತೆಗೆದುಕೊಂಡು, ಮುಂದೆ ಒಂದು, ಹಿಂದೆ ಒಂದು ಒತ್ತಿ ನೋಡಿದೆ. ಹಿಂದಿನದರಲ್ಲಿ ಮಾತ್ರ ಕೆಂಪು ಇತ್ತು. ಮುಂದಿನದರಲ್ಲಿ ಕಂಡಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕಿತ್ತು. ಹಿಂದಿನದೇ ಆದರೂ ಪೈಲ್ಸ್ ಅಂತ ನಾವೇ ತೀರ್ಮಾನ ಮಾಡಿ ಸುಮ್ನೆ ಕೂರುವುದು ಸರಿಯಲ್ಲ. ಮರುದಿನ ತೋರಿಸಲು ಹೋದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಡಾಕ್ಟರಮ್ಮ ಮಲಯಾಳಿ. ನನ್ನ ಮಲಯಾಳ ಬಸ್ಸಿಗೂ ಪೇಟೆಗೂ ಸಾಕಾಗುವಷ್ಟೇ. ಗಂಡನನ್ನು ಹೊರಗೆ ಕೂರಿಸಿ 'ಮೂಲಕ್ಕುರು' ಅಂದೆ, ಮಲಯಾಳದಲ್ಲಿ ಪೈಲ್ಸಿಗೆ ಹಾಗೇ ಹೇಳುವುದು. ಅವರು ಮುಖ ಸಿಂಡರಿಸಲಿಲ್ಲ, ಎಡ ಮಗ್ಗುಲಿಗೆ ಮಲಗಿಸಿ ನೋಡಿದರು. ಬಸುರಿಯಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಜಾಸ್ತಿ ಆಗಿ ಕರುಳು ನಿಧಾನ ಆಗುತ್ತದೆ, ಮಲ ಒಣಗುತ್ತದೆ. ಬೆಳೆದ ಗರ್ಭಕೋಶ ಕೆಳಗಿನ ರಕ್ತನಾಳಗಳ ಮೇಲೆ ಒತ್ತುತ್ತದೆ, ಅವು ಉಬ್ಬುತ್ತವೆ. ಆಪರೇಷನ್ ಮಾತೇ ಈಗ ಬೇಡ, ಹೆರಿಗೆಯ ಮೇಲೆ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ ಅಂದರು. ಮಲ ಮೆತ್ತಗಾಗಲು ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟರು.

ನನಗೆ ಸಂಶಯ ಇದ್ದದ್ದು ಕಬ್ಬಿಣದ ಮಾತ್ರೆಯ ಮೇಲೆ. ಸರಕಾರದಿಂದ ಸಿಗುವ ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ನಾಲ್ಕನೇ ತಿಂಗಳಿಂದ ದಿನಕ್ಕೊಂದರ ಹಾಗೆ ಕನಿಷ್ಠ 180 ದಿನ. ಅದರಿಂದ ಕೆಲವರಿಗೆ ಮಲ ಗಟ್ಟಿಯಾಗುವುದು ನಿಜ, ಕಪ್ಪಾಗುವುದೂ ನಿಜ. ಹಾಗಂತ ಬಿಡುವ ಹಾಗಿಲ್ಲ. ರಕ್ತ ಕಡಿಮೆ ಇರುವವಳು ಹೆರಿಗೆಯಲ್ಲಿ ಮತ್ತೆ ರಕ್ತ ಕಳೆದುಕೊಂಡರೆ ಗತಿ ಏನು? ಕೇಳಿದ್ದಕ್ಕೆ ಬೇರೆ ಬಗೆಯ ಮಾತ್ರೆ ಕೊಟ್ಟರು. ಕ್ಯಾಲ್ಸಿಯಂ ಮಾತ್ರೆಯ ಜೊತೆ, ಚಾದ ಜೊತೆ ನುಂಗಬೇಡ ಅಂದರು.

ಮನೆಯಲ್ಲಿ ನನಗೆ ಹಿಡಿಸಿದ ಮದ್ದು ಬಿಸಿನೀರಿನಲ್ಲಿ ಕೂರುವುದು. ಅಗಲದ ಪ್ಲಾಸ್ಟಿಕ್ ಬೇಸಿನ್, ಅದರಲ್ಲಿ ಮೊಣಕೈ ಅದ್ದಿದರೆ ಹಿತ ಅನ್ನಿಸುವಷ್ಟೇ ಬಿಸಿ. ಉಪ್ಪು ಡೆಟ್ಟಾಲ್ ಏನೂ ಬೇಡ. ಹತ್ತು ಹದಿನೈದು ನಿಮಿಷ ಕೂತು, ಮೆತ್ತಗೆ ಒತ್ತಿ ಒರೆಸಿಕೊಂಡರೆ ಆಯಿತು. ಕಮೋಡಿನಲ್ಲಿ ಕೂತಾಗ ಕಾಲ ಕೆಳಗೆ ಗಿಡ್ಡ ಸ್ಟೂಲ್ ಇಟ್ಟುಕೊಂಡೆ. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ಮುಕ್ಕುವುದು ಕಡಿಮೆ ಆಗುತ್ತದೆ. (ಅದಕ್ಕೆ ಸರಿಯಾದ ಎತ್ತರ ನಮ್ಮ ಊಟದ ಮಣೆಯದ್ದು. ಆದರೆ ಅದು ಕಕ್ಕಸಿಗೆ ಹೋಯಿತು ಅಂತ ಗೊತ್ತಾದರೆ ಅಮ್ಮ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಿದ್ದರು.) ಫೋನ್ ಹಿಡಿದುಕೊಂಡು ಹೋಗುವುದನ್ನು ಬಿಟ್ಟೆ. ನೆರೆಮನೆಯವರು ನಾಚಿಕೆ ಮುಳ್ಳಿನ ಕಷಾಯ ಹೇಳಿದರು. ಬಸುರಿಯಲ್ಲಿ ಕಷಾಯದ ಪ್ರಯೋಗ ಬೇಡ ಅಂತ ಕುಡಿಯಲಿಲ್ಲ. ಸುವರ್ಣಗಡ್ಡೆ ಪಲ್ಯ ಮಾತ್ರ ಚೆನ್ನಾಗಿ ತಿಂದೆ, ಅದು ಊಟವೇ ತಾನೆ.

ಹೆರಿಗೆಯಲ್ಲಿ ಮುಕ್ಕುವಾಗ ಗಂಟು ಪೂರ್ತಿ ಹೊರಗೆ ಬಂತು. ಕಪ್ಪು ದ್ರಾಕ್ಷಿಯಷ್ಟು ದಪ್ಪ, ನೀಲಿ ಬಣ್ಣ ಅಂತ ನರ್ಸ್ ಹೇಳಿದರು. ಹೊಲಿಗೆಗಿಂತ ಅದೇ ಜಾಸ್ತಿ ನೋಯುತ್ತಿತ್ತು. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟಾಗ ಸ್ವಲ್ಪ ಉಸಿರು ಬಂತು. ಮೊದಲ ಸಲ ಕಕ್ಕಸಿಗೆ ಹೋಗಲು ಆದ ಹೆದರಿಕೆ ಹೆರಿಗೆಗೂ ಆಗಿರಲಿಲ್ಲ. ಶುದ್ಧವಾದ ಪ್ಯಾಡನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿದು, ಬಾಯಿ ತೆರೆದು ಉಸಿರು ಬಿಡುತ್ತಾ ಕೂತೆ. ಹೆದರಿ ತಡೆದುಕೊಂಡರೆ ಮಲ ಇನ್ನೂ ಗಟ್ಟಿಯಾಗುತ್ತದೆ.

ನಿಜವಾದ ಜಟಾಪಟಿ ಶುರುವಾದದ್ದು ತವರಿನ ಬಾಣಂತನದಲ್ಲಿ. ಕರಿಮೆಣಸಿನ ಸಾರು, ಬೆಳ್ಳುಳ್ಳಿ, ಒಣ ಒಣ ಅನ್ನ. ತರಕಾರಿ ಶೀತ, ಹಣ್ಣು ಶೀತ, ನೀರಂತೂ ಕೇಳಲೇ ಬೇಡಿ. 'ಎಂತಕ್ಕೆ ಇಷ್ಟು ನೀರು ಕುಡಿತೀ ಮಾರಾಯ್ತಿ, ಹೊಟ್ಟೆ ಬರ್ತದೆ' ಅಂತ ಅಮ್ಮ. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ, ನೀರು ಕಡಿಮೆಯಾದರೆ ಮೊದಲು ಒಣಗುವುದು ಮಲ. ನಾನು ಜಗಳಕ್ಕೆ ಹೋಗಲಿಲ್ಲ, ಚೌಕಾಸಿಗೆ ಇಳಿದೆ. ಬರೀ ನೀರು ಬೇಡ, ಜೀರಿಗೆ ಹಾಕಿ ಕುದಿಸಿದ ನೀರು ಆಗಬಹುದಾ? ಅಡ್ಡಿಯಿಲ್ಲ ಅಂದರು. ದೊಡ್ಡ ಫ್ಲಾಸ್ಕ್ ತುಂಬಿಸಿ ಮಂಚದ ಪಕ್ಕ ಇಟ್ಟುಕೊಂಡೆ, ಮಗುವಿಗೆ ಹಾಲು ಕೊಡುವಾಗಲೆಲ್ಲ ಒಂದು ಲೋಟ. ಬಸಳೆಗೆ ಒಪ್ಪಲಿಲ್ಲ, ನುಗ್ಗೆ ಸೊಪ್ಪಿಗೆ ಒಪ್ಪಿದರು. ಹಣ್ಣಿನ ಬದಲು ರಾತ್ರಿ ನೆನೆಸಿದ ಒಣದ್ರಾಕ್ಷಿ. ಕುಚ್ಚಲಕ್ಕಿ ಅನ್ನದ ಬದಲು ತೆಳ್ಳಗಿನ ಗಂಜಿ. ಮೆಣಸಿನ ಸಾರು ಅಮ್ಮನ ಕಣ್ಣೆದುರು ಒಂದೆರಡು ಚಮಚ.

ಮೀಯಿಸಲು ಬರುತ್ತಿದ್ದ ಅಕ್ಕನಿಗೂ ನೇರವಾಗಿ ಹೇಳಿದೆ: ಬೆನ್ನಿಗೆ, ಸೊಂಟಕ್ಕೆ ನಿಮ್ಮ ಇಷ್ಟದಷ್ಟು ಬಿಸಿ ಹೊಯ್ಯಿರಿ, ಕೆಳಗೆ ಮಾತ್ರ ಉಗುರು ಬೆಚ್ಚಗಿನ ನೀರು, ರಭಸ ಬೇಡ. 'ಹೌದಾ, ನನಗೂ ಎರಡನೆಯದರಲ್ಲಿ ಆಗಿತ್ತು' ಅಂದರು ಅವರು! ಆಮೇಲೆ ಅಮ್ಮನನ್ನು ಒಪ್ಪಿಸುವ ಕೆಲಸವೂ ಅವರದ್ದೇ ಆಯಿತು.

ಇಷ್ಟೆಲ್ಲ ಮಾಡಿದರೂ ರಕ್ತ ಧಾರಾಳ ಹೋದರೆ, ತಲೆ ಸುತ್ತಿದರೆ, ಜ್ವರ ಅಥವಾ ಕೀವು ಕಂಡರೆ, ಗಂಟು ಒಮ್ಮೆಲೇ ಗಟ್ಟಿಯಾಗಿ ಕೂರಲಾರದಷ್ಟು ನೋಯಲು ಶುರುವಾದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಗಂಟಿನೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಬೇಗ ತೋರಿಸಿದಷ್ಟೂ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಮುಲಾಮನ್ನೂ ಡಾಕ್ಟರರನ್ನು ಕೇಳಿಯೇ ಹಚ್ಚಿ.

ನನಗೆ ಈಗ ಸಣ್ಣ ಚರ್ಮದ ತುಣುಕೊಂದು ಉಳಿದಿದೆ. ನೋವಿಲ್ಲ, ರಕ್ತವಿಲ್ಲ. ತೆಗೆಸಬೇಕಾ ಅಂತ ಕೇಳಿದೆ, ತೊಂದರೆ ಕೊಡದಿದ್ದರೆ ಬೇಡ ಅಂದರು ಡಾಕ್ಟರಮ್ಮ.