ಕೊಟ್ಟಿಗೆಯ ಗಂಜಲ ಕೆರೆ ಸೇರದಂತೆ ತಡೆಯುವುದು ಹೇಗೆ

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಕೆರೆಯ ನೀರು ಹಸಿರುಗಟ್ಟಿ, ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಮೇಲ್ಭಾಗದ ಕೊಟ್ಟಿಗೆಗಳ ಚರಂಡಿ ಎತ್ತ ಹರಿಯುತ್ತಿದೆ ನೋಡಿ. ಹೊಲಕ್ಕೆ ಗೊಬ್ಬರವಾಗುವ ಸಾರಜನಕ, ರಂಜಕಗಳೇ ಪಾಚಿಗೂ ಗೊಬ್ಬರ. ಪಾಚಿ ಹಗಲು ಆಮ್ಲಜನಕ ಬಿಟ್ಟರೂ ರಾತ್ರಿ ಅದನ್ನೇ ಬಳಸಿಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ಖಾಲಿಯಾಗುತ್ತದೆ. ಮೀನು ಸಾಯುವುದು ಬೆಳಗಿನ ಜಾವ ಹೆಚ್ಚು, ಅದಕ್ಕೇ.

ಸಗಣಿಯನ್ನು ಎಲ್ಲರೂ ಕೂಡಿಡುತ್ತಾರೆ, ಗಂಜಲವನ್ನು ಹರಿಯಬಿಡುತ್ತಾರೆ. ರಾಸು ಹೊರಹಾಕುವ ಸಾರಜನಕದ ಸುಮಾರು ಅರ್ಧ ಇರುವುದು ಗಂಜಲದಲ್ಲೇ. ರಂಜಕದ ಬಹುಪಾಲು ಸಗಣಿಯಲ್ಲಿ. ಎರಡನ್ನೂ ಹಿಡಿಯಬೇಕು.

ಐದು ಮಿಶ್ರತಳಿ ಹಸುಗಳ ಲೆಕ್ಕ ಹಿಡಿಯೋಣ. ನೆಲಕ್ಕೆ ಸಿಮೆಂಟು ಹಾಕಿಸುವಾಗ ಐದು ಅಡಿಗೆ ಒಂದರಿಂದ ಒಂದೂವರೆ ಇಂಚು ಇಳಿಜಾರು ಕೊಡಿ. ಹಿಂಬದಿಗೆ 9ರಿಂದ 12 ಇಂಚು ಅಗಲ, 2ರಿಂದ 3 ಇಂಚು ಆಳದ ಚರಂಡಿ ಸಾಕು. ಆಳ ಹೆಚ್ಚಾದರೆ ಹಸುವಿನ ಕಾಲು ಉಳುಕುತ್ತದೆ. ತೊಳೆಯುವ ಮುನ್ನ ಸಗಣಿಯನ್ನು ಸಲಿಕೆಯಿಂದ ಬಾಚಿ ತೆಗೆಯಿರಿ. ಹಸುವೊಂದಕ್ಕೆ ದಿನಕ್ಕೆ 10 ಲೀಟರ್ ಗಂಜಲ, 40 ಲೀಟರ್ ತೊಳೆದ ನೀರು ಎಂದರೆ ಐದಕ್ಕೆ 250 ಲೀಟರ್. ಹತ್ತು ದಿನಕ್ಕೆ 2,500. ಸ್ವಲ್ಪ ಜಾಗ ಉಳಿಸಿಕೊಂಡು 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 1 ಮೀಟರ್ ಆಳದ ಗಾರೆ ತೊಟ್ಟಿ ಕಟ್ಟಿಸಿ, ಮೇಲೆ ಗಟ್ಟಿ ಮುಚ್ಚಳ ಹಾಕಿ. ಬರೀ ಮಣ್ಣಿನ ಗುಂಡಿ ಬೇಡ, ಅದು ಬಾವಿಗೆ ಇಂಗುತ್ತದೆ.

ತೊಟ್ಟಿ ತುಂಬಿ ಹರಿಯಲು ಕಾರಣ ಹೆಚ್ಚಾಗಿ ಮಾಡಿನ ನೀರು. 30 ಚದರ ಮೀಟರ್ ಮಾಡಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ 1,500 ಲೀಟರ್, ಅರ್ಧ ತೊಟ್ಟಿ ಒಂದೇ ರಾತ್ರಿಗೆ! ಮಾಡಿಗೆ ದೋಣಿ ಕಟ್ಟಿ ಆ ನೀರನ್ನು ಬೇರೆ ಕಡೆ ತಿರುಗಿಸಿ.

ತಿಪ್ಪೆ ಬಾವಿಯಿಂದ ಕನಿಷ್ಠ 30 ಮೀಟರ್ ದೂರವಿರಲಿ, ಹಳ್ಳದ ದಡದಲ್ಲಿ ಬೇಡವೇ ಬೇಡ. ಹಸುವಿಗೆ ದಿನಕ್ಕೆ 15 ಕಿಲೋ ಸಗಣಿ ಎಂದರೂ ಮಳೆಗಾಲದ ನಾಲ್ಕು ತಿಂಗಳಿಗೆ 9 ಟನ್. ಅದಕ್ಕೆ 3×2×1 ಮೀಟರ್ ಅಳತೆಯ ಎರಡು ಗುಂಡಿ ಬೇಕು. ಸುತ್ತ ಏರಿ ಹಾಕಿ, ಮಳೆಗೆ ಮೊದಲೇ ಟಾರ್ಪಾಲು ಹೊದಿಸಿ. ಗೋಬರ್ ಗ್ಯಾಸ್ ಇದೆ, ನಮಗೆ ತೊಂದರೆಯಿಲ್ಲ ಎಂದುಕೊಳ್ಳಬೇಡಿ. ಅನಿಲವಾಗಿ ಹೋಗುವುದು ಇಂಗಾಲ; ಸಾರಜನಕ, ರಂಜಕ ಬಗ್ಗಡದಲ್ಲೇ ಉಳಿಯುತ್ತವೆ.

ಗಂಜಲದ ನೀರನ್ನು ನೇಪಿಯರ್ ಹುಲ್ಲಿಗೆ ಹಾಯಿಸಿ, ಆದರೆ ಮೋಡ ಕಟ್ಟಿದ ದಿನ ಬೇಡ. ಕೆರೆಯ ಕಡೆ 10 ಮೀಟರ್ ಪಟ್ಟಿಯಲ್ಲಿ ಯಾವ ಗೊಬ್ಬರವನ್ನೂ ಹಾಕದೆ ಹುಲ್ಲು, ಲಾವಂಚ ಬೆಳೆಸಿ. ರಂಜಕ ಹೆಚ್ಚಾಗಿ ಮಣ್ಣಿಗೆ ಅಂಟಿಕೊಂಡು ಹರಿದು ಹೋಗುವುದರಿಂದ ಮಣ್ಣು ತಡೆದರೆ ಅದೂ ಬಹುಮಟ್ಟಿಗೆ ನಿಲ್ಲುತ್ತದೆ. ಐದು ಹಸುಗಳ ಸಗಣಿ ವರ್ಷಕ್ಕೆ 27 ಟನ್, ಕಳಿತ ಮೇಲೆ ಸುಮಾರು ಅರ್ಧ. ಎಕರೆಗೆ 4 ಟನ್ ಹಾಕಿದರೂ ಮೂರು ಎಕರೆಗೂ ಹೆಚ್ಚು ಜಮೀನು ಬೇಕು. ಒಂದೇ ಎಕರೆ ಇದ್ದವರು ಉಳಿದದ್ದನ್ನು ಮಾರುವುದೇ ಸರಿ.

ಬಾವಿ, ಬೋರ್‌ವೆಲ್ ನೀರನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ನೈಟ್ರೇಟ್‌ಗಾಗಿ ಪರೀಕ್ಷೆ ಮಾಡಿಸಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 45 ಮಿ.ಗ್ರಾಂ. ಮೀರಿದ್ದರೆ ಆ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಬೇಡಿ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.